ಒಂದು ಗಂಡಿನಲ್ಲಿ ಒಂದು ಹಿಂಡು

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಸಮುದ್ರಮಟ್ಟದಿಂದ 4,000 ಮೀಟರುಗಳಿಗೂ ಮೇಲೆ, ಮರವೆಂಬುದು ಬೇರೂರದ, ಮೆಕ್ಕೆಜೋಳದ ಬೆಳೆ ಕೈಗೂಡದ, ವರ್ಷದ ಬಹುಪಾಲು ಇರುಳುಗಳಲ್ಲಿ ಹಳ್ಳದ ನೀರು ಹೆಪ್ಪುಗಟ್ಟುವ ಆಂಡೀಸ್ ಪ್ರಸ್ಥಭೂಮಿಯಲ್ಲಿ ಮನುಷ್ಯನು ಸಹಸ್ರಾರು ವರ್ಷಗಳಿಂದ ನೆಲೆನಿಂತು ಬಾಳಿಕೊಂಡು ಬಂದಿರುವುದು ಬಹುಮಟ್ಟಿಗೆ ಎರಡು ಪ್ರಾಣಿಗಳ ಆಶ್ರಯದಿಂದ: ಹೊರೆ ಹೊರುವ ಲಾಮಾ, ತುಪ್ಪಟ ಕೊಡುವ ಅಲ್ಪಾಕ. ಎರಡೂ ಒಂಟೆಯ ಕುಲಕ್ಕೆ ಸೇರಿದವು, ಎರಡಕ್ಕೂ ಡುಬ್ಬವಿಲ್ಲ. ಇವುಗಳಲ್ಲಿ ಕಿರಿದಾದ, ನೀಳ ಕೊರಳಿನ, ಸೌಮ್ಯ ಸ್ವಭಾವದ ಅಲ್ಪಾಕವು ಇಂದು ಅನೇಕ ದೇಶಗಳಲ್ಲಿ ಸಾಕಲ್ಪಡುತ್ತಿದ್ದರೂ, ಅದರ ಬಹುದೊಡ್ಡ ಸಂಖ್ಯೆ ಇರುವುದು ಪೆರುವಿನಲ್ಲಿಯೇ; ಪುನೋ, ಕುಸ್ಕೊ, ಅರೆಕಿಪಾ, ವಾಂಕಾವೆಲಿಕಾ ಪ್ರಾಂತಗಳ ಸಾವಿರಾರು ಬಡ ಕುಟುಂಬಗಳಿಗೆ ಅದೇ ಹೊಲ, ಅದೇ ಹಣದ ಗಂಟು.

ಈ ಗಂಟಿನ ತೂಕವನ್ನು ನಿರ್ಧರಿಸುವುದು ತಕ್ಕಡಿಯೊಂದೇ ಅಲ್ಲ. ಎಳೆಯ ದಪ್ಪವನ್ನು ಮಿಲಿಮೀಟರಿನ ಸಾವಿರದ ಒಂದು ಪಾಲಾದ ಮೈಕ್ರಾನಿನಲ್ಲಿ ಅಳೆಯುತ್ತಾರೆ. ಪೆರುವಿನ ವರ್ಗೀಕರಣದಂತೆ 23 ಮೈಕ್ರಾನುಗಳಿಗೆ ಮೀರದ ಎಳೆಯು ‘ಬೇಬಿ’ ಎಂಬ ಉತ್ತಮ ದರ್ಜೆಗೆ ಸೇರುತ್ತದೆ. ಅದು ಮರಿಯ ಮೈಯಿಂದಲೇ ಬರಬೇಕೆಂಬ ನಿಯಮವಿಲ್ಲ, ಮುದಿ ಪ್ರಾಣಿಯ ಮೈಮೇಲೆ ಅಷ್ಟು ನಯವಾದ ಎಳೆ ದೊರೆತರೆ ಅದಕ್ಕೂ ಅದೇ ಹೆಸರು. 26.5ರವರೆಗಿನದು ಎರಡನೆಯ ದರ್ಜೆ, 31.5ನ್ನು ಮೀರಿದುದು ಒರಟು ಎನಿಸಿಕೊಂಡು ಜಮಖಾನೆ, ಹೊದಿಕೆಗಳ ಪಾಲಾಗುತ್ತದೆ. ಕೂದಲೆಳೆಯಷ್ಟೂ ಅಲ್ಲದ ಈ ಅಂತರವೇ ಅರೆಕಿಪಾ ನಗರದ ಗಿರಣಿಗಳಲ್ಲಿ ಬೆಲೆಯ ಅಂತರವಾಗಿ ಪರಿಣಮಿಸುವುದರಿಂದ, ನಯವಾದ ಎಳೆಯ ಹಿಂಡನ್ನು ಕಟ್ಟುವುದು ಹೇಗೆ ಎಂಬ ಪ್ರಶ್ನೆ ಅಲ್ಪಾಕ ಸಾಕುವವನ ಪಾಲಿಗೆ ಜೀವನೋಪಾಯದ ಪ್ರಶ್ನೆಯೇ ಆಗಿದೆ. ಅದಕ್ಕೆ ಉತ್ತರವಾದರೋ ಒಂದು ಚಿಕ್ಕ ಪ್ರಶ್ನೆಯಲ್ಲಿ ಅಡಗಿದೆ: ಬೀಜದ ಗಂಡು ಯಾವುದು?

ಗಂಡಿಗೇ ಏಕೆ ಇಷ್ಟು ಮಹತ್ವ

ಹೆಣ್ಣು ಅಲ್ಪಾಕದ ಗರ್ಭಾವಧಿ ಹನ್ನೊಂದು ತಿಂಗಳಿಗೂ ಮೇಲೆ. ಒಂದು ಬಸಿರಿಗೆ ಒಂದೇ ಮರಿ. ಅವಳಿ ಅತ್ಯಂತ ವಿರಳ. ಗಬ್ಬ ನಿಲ್ಲದ ವರ್ಷಗಳನ್ನೂ, ಹಿಮಪಾತಕ್ಕೆ ಸಿಕ್ಕಿ ಮರಿ ಸತ್ತ ವರ್ಷಗಳನ್ನೂ ಕಳೆದರೆ, ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಉಳಿಸಿಹೋಗುವ ಸಂತಾನ ಬೆರಳೆಣಿಕೆಯದು. ಗಂಡಿನ ಲೆಕ್ಕ ಬೇರೆ. ಇಪ್ಪತ್ತು ಇಪ್ಪತ್ತೈದು ಹೆಣ್ಣುಗಳಿಗೆ ಒಂದರಂತೆ ಬಿಟ್ಟರೂ, ಕೆಲವು ವರ್ಷಗಳಲ್ಲಿಯೇ ಅದು ನೂರಕ್ಕೆ ಸಮೀಪಿಸಿದ ಮರಿಗಳ ತಂದೆಯಾಗುತ್ತದೆ. ಪ್ರತಿಯೊಂದು ಮರಿಯೂ ತನ್ನ ಆನುವಂಶಿಕ ಸಂಪತ್ತಿನ ಅರ್ಧವನ್ನು ತಂದೆಯಿಂದ ಪಡೆಯುವುದು; ಉಳಿದರ್ಧವನ್ನು ಕೊಡುವ ತಾಯಿಗೂ ಒಬ್ಬ ತಂದೆಯಿದ್ದನಷ್ಟೆ. ಹೊರಗಿನಿಂದ ಹೆಣ್ಣುಗಳನ್ನು ಕೊಳ್ಳದೆ ತನ್ನ ಹಿಂಡಿನ ಹೆಣ್ಣುಮರಿಗಳನ್ನೇ ಉಳಿಸಿಕೊಳ್ಳುವವನ ಮಂದೆಯಲ್ಲಿ ಮೂರು ತಲೆಮಾರು ಕಳೆಯುವ ಹೊತ್ತಿಗೆ, ಅರ್ಧ, ಕಾಲು, ಅರೆಕಾಲು ಕೂಡಿ, ಆ ಹಿಂಡಿನ ರಕ್ತದಲ್ಲಿ ನೂರಕ್ಕೆ 87.5 ಪಾಲು ಅವನು ಕ್ರಮವಾಗಿ ಆಯ್ದು ಬಿಟ್ಟ ಗಂಡುಗಳದೇ ಆಗಿರುತ್ತದೆ. ನಮ್ಮ ಹಳ್ಳಿಗಳ ರೈತನು ಬೀಜದ ಹೋರಿಯ ಸುಳಿ, ಗೊರಸು, ನಡಿಗೆಗಳನ್ನು ನೋಡುವಾಗ ತೋರುವ ಎಚ್ಚರಿಕೆಯ ಹಿಂದೆ ಇರುವುದೂ ಇದೇ ಅರಿವು; ಲೆಕ್ಕವನ್ನು ಕಾಗದದ ಮೇಲೆ ಬರೆಯದಿದ್ದರೂ ಆತ ಅದನ್ನು ಬಲ್ಲ.

ಹಸುವಿನ ವಿಷಯದಲ್ಲಿ ದೂರದ ಊರಿನ ಶ್ರೇಷ್ಠ ಹೋರಿಯ ವೀರ್ಯವನ್ನು ಹೆಪ್ಪುಗಟ್ಟಿಸಿ ತರಿಸಿಕೊಳ್ಳುವ ಸೌಕರ್ಯ ಬಂದು ಬಹಳ ಕಾಲವಾಯಿತು. ಅಲ್ಪಾಕದಲ್ಲಿ ಆ ದಾರಿ ಇನ್ನೂ ಸುಗಮವಾಗಿಲ್ಲ. ಇದರ ವೀರ್ಯ ಅಂಟಂಟಾಗಿ ಗಟ್ಟಿಯಾಗಿರುವುದರಿಂದ ಅದನ್ನು ತೆಳುಮಾಡಿ ಕಾಪಿಡುವುದು ಕಠಿಣ. ಮೇಲಾಗಿ ಇದರ ಹೆಣ್ಣು ಹಸುವಿನಂತೆ ಕಾಲಕಾಲಕ್ಕೆ ಬೆದೆಗೆ ಬಂದು ಅಂಡವನ್ನು ಬಿಡುವ ಪ್ರಾಣಿಯಲ್ಲ, ಗಂಡಿನ ಸಮಾಗಮವಾದ ಮೇಲೆಯೇ ಅದರ ಅಂಡ ಬಿಡುಗಡೆಯಾಗುವುದು. ಆದಕಾರಣ ಇಂದಿಗೂ ಗಂಡು ಸ್ವತಃ ಹಿಂಡಿನಲ್ಲಿ ಇರಲೇಬೇಕು. ಆಯ್ಕೆಯಲ್ಲಿ ತಪ್ಪಿದರೆ ಆ ತಪ್ಪು ಕಣ್ಣೆದುರಿನಲ್ಲಿಯೇ ಬೆಳೆದು ಹಬ್ಬುತ್ತದೆ.

ಕಳೆದುಹೋದ ಒಂದು ವಿದ್ಯೆ

ಆಯ್ಕೆಯ ಈ ವಿದ್ಯೆ ಆಂಡೀಸಿಗೆ ಹೊಸತಲ್ಲ. ಕಾಡುಪ್ರಾಣಿಯಾದ ವಿಕೂನ್ಯವನ್ನು ಅಲ್ಲಿಯ ಬೇಟೆಗಾರರು ಆರು ಸಾವಿರ ವರ್ಷಗಳಿಗೂ ಹಿಂದೆ ಪಳಗಿಸಿ ಅಲ್ಪಾಕವನ್ನಾಗಿ ರೂಪಿಸಿದರೆಂಬುದಕ್ಕೆ ಪುರಾತನ ಗುಹೆಗಳಲ್ಲಿ ದೊರೆತ ಎಲುಬುಗಳೂ, 2001ರಲ್ಲಿ ಪ್ರಕಟವಾದ ಆನುವಂಶಿಕ ಸಂಶೋಧನೆಯೂ ಸಾಕ್ಷಿ ನುಡಿಯುತ್ತವೆ. ದಕ್ಷಿಣ ಪೆರುವಿನ ಎಲ್ ಯರಾಲ್ ಎಂಬಲ್ಲಿ, ಇಂಕಾ ಸಾಮ್ರಾಜ್ಯಕ್ಕಿಂತಲೂ ಪೂರ್ವದಲ್ಲಿ, ಇಂದಿಗೆ ಸುಮಾರು ಒಂದು ಸಾವಿರ ವರ್ಷಗಳ ಹಿಂದೆ, ಮನೆಗಳ ನೆಲದಡಿ ಬಲಿಯಾಗಿ ಹೂಳಲ್ಪಟ್ಟ ಅಲ್ಪಾಕಗಳ ಮತ್ತು ಲಾಮಾಗಳ ದೇಹಗಳು ಮರುಭೂಮಿಯ ಶುಷ್ಕತೆಯಲ್ಲಿ ಕೆಡದೆ ಉಳಿದಿದ್ದವು. ಅವುಗಳ ತುಪ್ಪಟವನ್ನು ಪರೀಕ್ಷಿಸಿದ ಪುರಾತತ್ತ್ವ ಪ್ರಾಣಿಶಾಸ್ತ್ರಜ್ಞೆ ಜೇನ್ ವೀಲರ್ ಅವರು, ಅಂದಿನ ನಯವಾದ ಬಗೆಯ ಅಲ್ಪಾಕದ ಎಳೆ ಸುಮಾರು 18 ಮೈಕ್ರಾನುಗಳಷ್ಟೇ ಇತ್ತೆಂದೂ, ಮೈಯ ಎಲ್ಲ ಭಾಗಗಳಲ್ಲಿಯೂ ಅಚ್ಚರಿಗೊಳಿಸುವಷ್ಟು ಏಕರೂಪವಾಗಿತ್ತೆಂದೂ ಕಂಡುಕೊಂಡರು. ಅಕ್ಷರವಿಲ್ಲದ, ಸೂಕ್ಷ್ಮದರ್ಶಕವಿಲ್ಲದ ಆ ಜನ, ಬೆರಳ ತುದಿಯ ಸ್ಪರ್ಶದಿಂದಲೇ ತಲೆಮಾರುಗಳ ಕಾಲ ಗಂಡುಗಳನ್ನು ಆರಿಸುತ್ತ ಬಂದು, ಇಂದಿನ ಬಹುಪಾಲು ಹಿಂಡುಗಳಿಗೆ ನಿಲುಕದ ಗುಣವನ್ನು ಸಾಧಿಸಿದ್ದರು.

1532ರಲ್ಲಿ ಸ್ಪೇನಿನವರು ಕಾಲಿಟ್ಟ ತರುವಾಯ ಈ ಪರಂಪರೆ ಕಡಿದುಬಿತ್ತು. ಯುದ್ಧ, ರೋಗ, ಹೊರಗಿನಿಂದ ಬಂದ ಕುರಿ ದನಗಳು ಇವುಗಳ ಒತ್ತಡದಲ್ಲಿ ಸಾಕುವ ಜನರೂ ಅಳಿದರು, ಮಂದೆಗಳೂ ನಾಶವಾದವು. ಉಳಿದ ಅಲ್ಪಾಕಗಳು ಅತಿ ಎತ್ತರದ, ನಿಸ್ಸಾರವಾದ ಹುಲ್ಲುಗಾವಲುಗಳಿಗೆ ನೂಕಲ್ಪಟ್ಟು, ಅಲ್ಲಿ ಯಾರ ಅಂಕೆಯೂ ಇಲ್ಲದೆ ಲಾಮಾಗಳೊಡನೆ ಬೆರೆತವು. ಆ ಬೆರಕೆಯ ಒರಟು ಇಂದಿನ ಎಷ್ಟೋ ಹಿಂಡುಗಳ ತುಪ್ಪಟದಲ್ಲಿ ಹಾಗೆಯೇ ಉಳಿದುಬಂದಿದೆ. 1836ರ ಸುಮಾರಿಗೆ ಇಂಗ್ಲೆಂಡಿನ ಟೈಟಸ್ ಸಾಲ್ಟ್ ಎಂಬ ವರ್ತಕನು ಲಿವರ್‌ಪೂಲ್ ಬಂದರಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಅಲ್ಪಾಕ ಮೂಟೆಗಳನ್ನು ಕಂಡು, ಅದರಿಂದ ಹೊಳಪಿನ ಬಟ್ಟೆ ನೇಯುವ ಉಪಾಯವನ್ನು ಸಾಧಿಸಿ, ಮುಂದೆ ಸಾಲ್ಟೇರ್ ಎಂಬ ಗಿರಣಿ ಊರನ್ನೇ ಕಟ್ಟುವಷ್ಟು ಶ್ರೀಮಂತನಾದನು. ಆ ಭಾಗ್ಯದಿಂದ ಪರ್ವತದ ಮೇಲಿನ ಹಿಂಡು ಸುಧಾರಿಸಲಿಲ್ಲ. ನಯ ಒರಟುಗಳನ್ನು ಬೇರ್ಪಡಿಸದೆ ಒಟ್ಟು ತೂಕಕ್ಕೆ ಒಂದೇ ದರ ಕಟ್ಟುವ ಪದ್ಧತಿ ಬೆಟ್ಟದ ವ್ಯಾಪಾರದಲ್ಲಿ ಬೇರೂರಿತು. ಹಾಗೆ ಕೊಳ್ಳುವ ದಲ್ಲಾಳಿಯ ಎದುರು ನಯವಾದ ಎಳೆಯ ಗಂಡನ್ನು ಬೆಳೆಸುವವನಿಗೆ ಲಾಭವೇನು? ದಪ್ಪ ಎಳೆ ಹೆಚ್ಚು ತೂಗುವುದರಿಂದ, ಒರಟು ಗಂಡನ್ನು ಇಟ್ಟುಕೊಂಡವನೇ ಎಷ್ಟೋ ವೇಳೆ ಜಾಣನೆನಿಸಿದನು.

ತುಪ್ಪಟವನ್ನು ನೋಡುವ ಕ್ರಮ

ಗಂಡನ್ನು ಆರಿಸುವವನು ಮೊದಲು ಕೈಯಿಡುವುದು ಸಹಜವಾಗಿಯೇ ತುಪ್ಪಟದ ಮೇಲೆ. ಅಲ್ಪಾಕದಲ್ಲಿ ಎರಡು ಬಗೆಗಳಿವೆ. ಸುರುಳಿ ಸುರುಳಿಯಾದ ಅಲೆಗಳಿಂದ ಮೈಯೆಲ್ಲ ಉಬ್ಬಿ ನಿಲ್ಲುವ ತುಪ್ಪಟದ ವಾಕಾಯ ಒಂದು, ಜಡೆ ಜಡೆಯಾಗಿ ನೆಲದತ್ತ ಜೋಲುವ ರೇಶಿಮೆಹೊಳಪಿನ ಸೂರಿ ಇನ್ನೊಂದು. ಹೆಚ್ಚು ಸಂಖ್ಯೆಯಲ್ಲಿರುವುದು ಮೊದಲನೆಯದು. ಎರಡರಲ್ಲಿಯೂ ನೋಡಬೇಕಾದ ಗುಣಗಳು ಮುಖ್ಯವಾಗಿ ನಾಲ್ಕು: ಎಳೆಯ ನಯ, ಏಕರೂಪತೆ, ದಟ್ಟಣೆ, ಉದ್ದ. ನಯವೆಂಬುದು ಸರಾಸರಿಯ ಮಾತು. ಸರಾಸರಿಯು ಎಷ್ಟೋ ದೋಷಗಳನ್ನು ಮುಚ್ಚಿಡಬಲ್ಲುದು. 21 ಮೈಕ್ರಾನಿನ ಸರಾಸರಿಯುಳ್ಳ ಎರಡು ಗಂಡುಗಳಲ್ಲಿ ಒಂದರ ಎಳೆಗಳೆಲ್ಲ ಆ ಅಳತೆಯ ಆಸುಪಾಸಿನಲ್ಲಿಯೇ ಇರಬಹುದು, ಇನ್ನೊಂದರಲ್ಲಿ 15ರದೂ 35ರದೂ ಕಲೆತಿರಬಹುದು. ಮೈಗೆ ಚುಚ್ಚುವುದು ಸರಾಸರಿಯಲ್ಲ, 30 ಮೈಕ್ರಾನುಗಳನ್ನು ಮೀರಿದ ಆ ಕೆಲವು ದಪ್ಪ ಎಳೆಗಳು. ಅಂಥವು ನೂರಕ್ಕೆ ಐದರಷ್ಟಾದರೂ ಸಾಕು, ಬಟ್ಟೆ ತೊಟ್ಟವನ ಚರ್ಮಕ್ಕೆ ತುರಿಕೆ ತಪ್ಪಿದ್ದಲ್ಲ. ಈ ದಪ್ಪ ಎಳೆಗಳಲ್ಲಿ ಹಲವಕ್ಕೆ ಒಳಗೆ ಟೊಳ್ಳಾದ ತಿರುಳಿರುವುದರಿಂದ ಅವು ಬಣ್ಣವನ್ನೂ ಇತರ ಎಳೆಗಳಂತೆ ಹಿಡಿಯವು.

ಪಕ್ಕೆಯ ನಡುಭಾಗದಿಂದ ಒಂದು ಹಿಡಿ ಕತ್ತರಿಸಿ ಪ್ರಯೋಗಾಲಯಕ್ಕೆ ಕಳುಹಿಸುವುದು ರೂಢಿ. ಅಲ್ಲಿ ಯಂತ್ರವು ಸಾವಿರಾರು ಎಳೆಗಳನ್ನು ಅಳೆದು ಸರಾಸರಿಯನ್ನೂ ಅವುಗಳ ಚೆದರಿಕೆಯನ್ನೂ ಹೇಳುತ್ತದೆ. ಆದರೆ ಪಕ್ಕೆಯೊಂದೇ ಪ್ರಾಣಿಯಲ್ಲ. ಪಳಗಿದ ಪರೀಕ್ಷಕನು ಕೊರಳು, ಭುಜ, ತೊಡೆ, ಎದೆಗಳಲ್ಲಿಯೂ ತುಪ್ಪಟವನ್ನು ಬಿಡಿಸಿ ನೋಡುವನು. ಪಕ್ಕೆಯಲ್ಲಿ ಕಂಡ ನಯವು ತೊಡೆಯವರೆಗೆ ಹಬ್ಬಿದ್ದರೆ ಅದು ಉತ್ತಮ ಲಕ್ಷಣ; ಹಬ್ಬದೆ ಬೆನ್ನಿನ ಬಳಿಯೇ ನಿಂತಿದ್ದರೆ ಬಹುಮಾನದ ಪದಕವಿದ್ದರೂ ಅದು ಬೀಜಕ್ಕೆ ಅನುಮಾನದ ಪ್ರಾಣಿ.

ಇಲ್ಲಿ ಎರಡು ಭ್ರಮೆಗಳ ಬಗೆಗೆ ಎಚ್ಚರ ಬೇಕು. ಮೊದಲನೆಯದು ವಯಸ್ಸಿನದು. ಮೊದಲ ಕತ್ತರಿಕೆಯಲ್ಲಿ ಅಲ್ಪಾಕದ ಎಳೆ ಸಾಮಾನ್ಯವಾಗಿ ನಯವಾಗಿಯೇ ಇರುವುದು; ಮೂರು ನಾಲ್ಕು ವರ್ಷಗಳಲ್ಲಿ ಕೆಲವಲ್ಲಿ ಅದು ಬೇಗ ದಪ್ಪವಾಗುವುದು, ಕೆಲವಲ್ಲಿ ಬಹಳ ನಿಧಾನವಾಗಿ. ಮರಿತನದ ನಯವನ್ನು ಕಂಡು ಮರುಳಾಗದೆ ಎರಡನೆಯ, ಮೂರನೆಯ ಕತ್ತರಿಕೆಯ ಅಳತೆಗಳನ್ನು ಕಾಯುವ ತಾಳ್ಮೆಯೇ ಇಲ್ಲಿ ವಿವೇಕ. ಎರಡನೆಯ ಭ್ರಮೆ ಮೇವಿನದು. ಅರೆಹೊಟ್ಟೆಯ ಪ್ರಾಣಿಯ ಎಳೆ ತೆಳ್ಳಗಾಗುತ್ತದೆ. ಹೊಟ್ಟೆತುಂಬ ತಿಂದು ಕೊಬ್ಬಿದುದರ ಎಳೆ ದಪ್ಪವಾಗುತ್ತದೆ. ಬರದ ಹುಲ್ಲುಗಾವಲಿನ 19 ಮೈಕ್ರಾನನ್ನೂ, ಹುಲುಸಾದ ಮೇವಿನ ಕೊಟ್ಟಿಗೆಯ 22 ಮೈಕ್ರಾನನ್ನೂ ಅಕ್ಕಪಕ್ಕ ಇಟ್ಟು ಮೊದಲನೆಯದೇ ಶ್ರೇಷ್ಠವೆಂದರೆ ಹಸಿವಿಗೆ ಬಹುಮಾನ ಕೊಟ್ಟಂತಾದೀತು. ಆದುದರಿಂದ ಒಂದೇ ಹಿಂಡಿನಲ್ಲಿ, ಒಂದೇ ಋತುವಿನಲ್ಲಿ ಹುಟ್ಟಿ, ಒಂದೇ ಮೇವನ್ನು ಉಂಡು ಬೆಳೆದ ಸಮವಯಸ್ಕರೊಡನೆ ಮಾತ್ರವೇ ಹೋಲಿಸಬೇಕು.

ಮೈಕಟ್ಟು ಮತ್ತು ವೀರ್ಯಶಕ್ತಿ

ಹಿಂಡನ್ನು ಬೆಳೆಸಲಾರದ ಗಂಡಿನ ತುಪ್ಪಟ ಎಷ್ಟು ನಯವಾಗಿದ್ದರೇನು? ಬೆಟ್ಟದ ಇಳಿಜಾರುಗಳಲ್ಲಿ ಮೇವನ್ನರಸಿ ದಿನವೆಲ್ಲ ನಡೆಯಬೇಕಾದ ಪ್ರಾಣಿಗೆ ಕಾಲುಗಳು ನೇರವಾಗಿರಬೇಕು; ಕೆಳದವಡೆಯ ಹಲ್ಲುಗಳು ಮೇಲಿನ ಗಟ್ಟಿ ಒಸಡಿಗೆ ಸರಿಯಾಗಿ ಕೂಡಬೇಕು, ಇಲ್ಲವಾದರೆ ಗಿಡ್ಡ ಹುಲ್ಲನ್ನು ಕತ್ತರಿಸಿ ತಿನ್ನಲಾರದು. ವಕ್ರವಾದ ಮುಖ, ಮೂಗಿನ ಹಿಂದ್ವಾರ ಮುಚ್ಚಿಕೊಂಡು ಹುಟ್ಟುವುದು, ಹೆಚ್ಚಿನ ಬೆರಳು, ಸೊಟ್ಟ ಬಾಲ, ಕಣ್ಣಿನ ಪೊರೆ ಮೊದಲಾದ ಜನ್ಮದೋಷಗಳು ಅಲ್ಪಾಕದಲ್ಲಿ ಅಪರೂಪವಲ್ಲ. ಇವುಗಳಲ್ಲಿ ಹಲವು ವಂಶದಲ್ಲಿ ಹರಿಯುವಂಥವೆಂಬ ಶಂಕೆಯಿರುವುದರಿಂದ, ಅಂಥ ಗಂಡನ್ನೂ ಅಂಥ ಮರಿಗಳನ್ನು ಹುಟ್ಟಿಸಿದ ಗಂಡನ್ನೂ ಬೀಜದಿಂದ ಹೊರಗಿಡುವುದೇ ಕ್ಷೇಮ. ಬಿಳಿಯದಕ್ಕೆ ಬೂದುಬಣ್ಣದ್ದನ್ನು ಕೂಡಿಸಿದಾಗ ಕೆಲವೊಮ್ಮೆ ಹುಟ್ಟುವ ನೀಲಿ ಕಣ್ಣಿನ ಬಿಳಿ ಮರಿಗಳು ನೋಡಲು ಚೆಂದವಾದರೂ ಬಹುಮಟ್ಟಿಗೆ ಕಿವುಡಾಗಿರುವುದರಿಂದ, ಜೋಡಿ ಕೂಡಿಸುವಾಗ ಬಣ್ಣದ ವಿವೇಚನೆಯೂ ಅಗತ್ಯ.

ವೃಷಣಗಳ ಪರೀಕ್ಷೆಯನ್ನು ಸಂಕೋಚದಿಂದ ಬಿಡುವಂತಿಲ್ಲ. ಎರಡೂ ಇಳಿದಿರಬೇಕು, ಗಾತ್ರದಲ್ಲಿ ಸಮವಾಗಿರಬೇಕು, ಮುಟ್ಟಿದರೆ ಬಿಗಿಯಾಗಿರಬೇಕು. ಪ್ರಾಯಕ್ಕೆ ಬಂದ ಗಂಡಿನಲ್ಲಿ ನಾಲ್ಕು ಐದು ಸೆಂಟಿಮೀಟರು ಉದ್ದವಿರುವುದು ಸಾಮಾನ್ಯ. ಕಿರಿದಾದ ವೃಷಣವೆಂಬುದು ಈ ಜಾತಿಯಲ್ಲಿ ಪದೇ ಪದೇ ಕಾಣುವ, ವಂಶಕ್ಕೆ ದಾಟುವ ಭಯವಿರುವ ನ್ಯೂನತೆ. ಇನ್ನೊಂದು ವಿಶೇಷವೆಂದರೆ ಗಂಡು ಪ್ರಾಯಕ್ಕೆ ಬರುವುದು ಬಹಳ ತಡ. ಹುಟ್ಟುವಾಗ ಶಿಶ್ನವು ಅದರ ಹೊರಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ. ಆ ಅಂಟು ವರ್ಷ ತುಂಬಿದ ಗಂಡುಗಳಲ್ಲಿ ಕೆಲವಕ್ಕಷ್ಟೇ ಬಿಡುವುದು, ಎರಡು ವರ್ಷಕ್ಕೆ ಹೆಚ್ಚಿನವಕ್ಕೆ, ಮೂರು ವರ್ಷಕ್ಕೆ ಬಹುತೇಕ ಎಲ್ಲಕ್ಕೂ. ಹೀಗಿರಲು ಅವಸರಪಟ್ಟು ಎಳೆಯ ಗಂಡನ್ನು ಹಿಂಡಿಗೆ ಬಿಟ್ಟವನು ಒಂದು ವರ್ಷದ ಮರಿಗಳನ್ನೇ ಕಳೆದುಕೊಳ್ಳುವ ಸಂಭವ ಉಂಟು. ಪ್ರಾಯದ ಗಂಡು ಕೂಡ ಅವೇ ಹೆಣ್ಣುಗಳ ನಡುವೆ ಬಹುದಿನವಿದ್ದರೆ ಆಸಕ್ತಿಯನ್ನು ಕಳೆದುಕೊಳ್ಳುವುದುಂಟು. ಪೆರುವಿನ ಪಶುವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು: ಗಂಡುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪು ವಿಶ್ರಮಿಸುವಾಗ ಇನ್ನೊಂದನ್ನು ಹಿಂಡಿಗೆ ಬಿಟ್ಟು, ಕೆಲವು ದಿನಗಳಿಗೊಮ್ಮೆ ಅದಲು ಬದಲು ಮಾಡುವುದು.

ಸಂತಾನವೇ ಸಾಕ್ಷಿ

ಇಷ್ಟೆಲ್ಲ ನೋಡಿ ಆರಿಸಿದ ಮೇಲೆಯೂ ಒಂದು ಸಂದೇಹ ಉಳಿಯುತ್ತದೆ: ಕಣ್ಣಿಗೆ ಕಾಣುವ ಈ ಗುಣಗಳಲ್ಲಿ ಎಷ್ಟನ್ನು ಇದು ಮಕ್ಕಳಿಗೆ ಕೊಟ್ಟೀತು? ಎಳೆಯ ದಪ್ಪದ ಆನುವಂಶಿಕತೆ ಮಧ್ಯಮ ಪ್ರಮಾಣದ್ದು. ಪ್ರಾಣಿ ಪ್ರಾಣಿಗಳ ನಡುವೆ ಕಾಣುವ ಅಂತರದಲ್ಲಿ ಹತ್ತರಲ್ಲಿ ನಾಲ್ಕು ಪಾಲು ಮಾತ್ರ ರಕ್ತದ್ದು, ಉಳಿದುದು ಮೇವು, ಹವೆ, ಆಕಸ್ಮಿಕಗಳದು ಎಂದು ಹಿಡಿಯೋಣ. 23 ಮೈಕ್ರಾನು ಸರಾಸರಿಯ ಹಿಂಡಿಗೆ 19 ಮೈಕ್ರಾನಿನ ಗಂಡನ್ನು ತಂದೆವೆಂದರೆ, ಅಂತರ 4 ಆಯಿತು. ಅದರಲ್ಲಿ ರಕ್ತದ ಪಾಲು 1.6, ತಂದೆಯಿಂದ ಮರಿಗೆ ಇಳಿಯುವುದು ಅದರ ಅರ್ಧ, ಅಂದರೆ 0.8. ಮರಿಗಳ ಸರಾಸರಿ 21 ಆದೀತೆಂದು ಎಣಿಸಿದವನಿಗೆ 22.2 ಕೈಗೆ ಬರುವುದು. ಇದು ನಿರಾಶೆಯ ಮಾತಲ್ಲ. ತಲೆಮಾರಿಗೊಮ್ಮೆ ಇಷ್ಟನ್ನು ಗಳಿಸುತ್ತ ಹೋದರೆ ಕೆಲವೇ ತಲೆಮಾರುಗಳಲ್ಲಿ ಹಿಂಡಿನ ದರ್ಜೆಯೇ ಬದಲಾದೀತು.

ಗಂಡಿನ ಸ್ವಂತ ಅಳತೆಗಿಂತ ಹೆಚ್ಚು ನೆಚ್ಚಬಹುದಾದ ಪುರಾವೆ ಒಂದೇ, ಅದರ ಸಂತಾನ. ಮೇಲೆ ಹೇಳಿದ ಆನುವಂಶಿಕತೆಯನ್ನೇ ಹಿಡಿದು ಲೆಕ್ಕ ಹಾಕಿದರೆ, ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದ ಆರು ಮರಿಗಳ ಅಳತೆಯು ಗಂಡಿನ ಸ್ವಂತ ಅಳತೆಯಷ್ಟೇ ನಿಖರವಾದ ಸಾಕ್ಷ್ಯವಾಗುವುದು. ಮರಿಗಳು ಇಪ್ಪತ್ತೈದಾದರೆ ಆ ಸಾಕ್ಷ್ಯ ಅದನ್ನು ಬಹಳ ದೂರ ಹಿಂದಿಕ್ಕುವುದು. ಸೂರಿಯ ವಿಷಯದಲ್ಲಂತೂ ಸಂತಾನಪರೀಕ್ಷೆ ಇಲ್ಲದೆ ಗತಿಯೇ ಇಲ್ಲ. ಸೂರಿಗುಣ ಪ್ರಬಲವಾದುದರಿಂದ, ಹೊರಗೆ ಅಚ್ಚ ಸೂರಿಯಾಗಿ ಕಾಣುವ ಗಂಡು ಒಳಗೆ ವಾಕಾಯದ ಅಂಶವನ್ನು ಹೊತ್ತಿರಬಹುದು. ವಾಕಾಯ ಹೆಣ್ಣುಗಳಿಗೆ ಅದನ್ನು ಕೂಡಿಸಿ ಹುಟ್ಟುವ ಮರಿಗಳನ್ನು ನೋಡಿದ ಮೇಲೆಯೇ ಗುಟ್ಟು ತಿಳಿಯುವುದು.

ಈ ಕಾರ್ಯದಲ್ಲಿ ಪುನೋ ಪ್ರಾಂತದ ಎರಡು ಹೆಸರುಗಳನ್ನು ಸ್ಮರಿಸಬೇಕು. ಮಕುಸಾನಿಯ ಸಮೀಪದ ಅಕ್ಕೋಯೋ ಎಂಬ ತಮ್ಮ ಹುಲ್ಲುಗಾವಲಿನಲ್ಲಿ ಹೂಲಿಯೊ ಬಾರ್ರೆಡ ಎಂಬ ಹಿರಿಯರು, ಇಪ್ಪತ್ತನೆಯ ಶತಮಾನದ ಉತ್ತರಾರ್ಧವೆಲ್ಲ, ದಟ್ಟವೂ ಏಕರೂಪವೂ ಆದ ತುಪ್ಪಟವನ್ನೇ ಗುರಿಯಾಗಿಟ್ಟುಕೊಂಡು, ಕಣ್ಣು ಕೈಗಳ ಅನುಭವದಿಂದಲೇ ಗಂಡುಗಳನ್ನು ಆರಿಸುತ್ತ ಬಂದರು; 2006ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಹಿಂಡಿನ ರಕ್ತ ಅಮೆರಿಕ, ಆಸ್ಟ್ರೇಲಿಯಾಗಳವರೆಗೆ ಹರಡಿತ್ತು. ಇನ್ನೊಂದು, 1992ರಲ್ಲಿ ಇಂಕಾ ಎಂಬ ಜವಳಿ ಉದ್ಯಮ ಸಮೂಹ ಸ್ಥಾಪಿಸಿದ ಪಕೋಮಾರ್ಕ ಎಂಬ ಪ್ರಾಯೋಗಿಕ ಕೇಂದ್ರ. ಅಲ್ಲಿ ಪ್ರತಿಯೊಂದು ಪ್ರಾಣಿಯ ವಂಶಾವಳಿಯನ್ನೂ ತುಪ್ಪಟದ ಅಳತೆಗಳನ್ನೂ ದಾಖಲಿಸಿ, ಮ್ಯಾಡ್ರಿಡ್ ವಿಶ್ವವಿದ್ಯಾಲಯದ ತಳಿಶಾಸ್ತ್ರಜ್ಞರ ನೆರವಿನಿಂದ, ತಂದೆ, ತಾಯಿ, ಸೋದರ, ಸಂತಾನಗಳೆಲ್ಲರ ಅಂಕಿಗಳನ್ನು ಕೂಡಿಸಿ ಗಂಡಿನ ತಳಿಮೌಲ್ಯವನ್ನು ಗಣಿಸುತ್ತಾರೆ. ಒಂದು ಪಾರಂಪರಿಕ ಪ್ರತಿಭೆ, ಇನ್ನೊಂದು ಗಣಿತ. ಎರಡೂ ಹೇಳುವ ನೀತಿ ಒಂದೇ, ಬಹಳ ಕಾಲ ನೋಡು, ಕೆಲವನ್ನೇ ಇಟ್ಟುಕೋ.

ಪದಕದ ಮೋಹ, ನೆಂಟರ ಕೂಟ

ಈ ನೀತಿಯನ್ನು ಮರೆತರೆ ಏನಾಗುವುದೆಂಬುದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನವೇ ನಿದರ್ಶನ. 1980ರ ದಶಕದಲ್ಲಿ ಅಲ್ಲಿಗೆ ಹೋದ ಅಲ್ಪಾಕವು ಬೇಗನೆ ಹಣ ಹೂಡುವವರ ಪ್ರಾಣಿಯಾಯಿತು. 1998ರಲ್ಲಿ ಅಲ್ಲಿಯ ವಂಶನೋಂದಣಿಯು ಹೊರದೇಶದ ಪ್ರಾಣಿಗಳಿಗೆ ಬಾಗಿಲು ಮುಚ್ಚಿದ ಮೇಲೆ ಬೆಲೆಗಳು ಮೇಲೇರಿ, ಪ್ರದರ್ಶನಗಳಲ್ಲಿ ಗೆದ್ದ ಗಂಡುಗಳು ಲಕ್ಷಾಂತರ ಡಾಲರುಗಳಿಗೆ ಕೈ ಬದಲಾದವು. ತುಪ್ಪಟದ ಮಾರಾಟದಿಂದ ಆ ಬೆಲೆಗಳಿಗೆ ಯಾವ ಆಧಾರವೂ ಇಲ್ಲವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಟೀನಾ ಸೈಟೋನ್ ಮತ್ತು ರಿಚರ್ಡ್ ಸೆಕ್ಸ್ಟನ್ ಎಚ್ಚರಿಸಿದರು. ತರುವಾಯ ಆ ಮಾರುಕಟ್ಟೆ ಕುಸಿಯಿತು. ಪ್ರದರ್ಶನದ ತೀರ್ಪುಗಾರನು ಒಂದು ದಿನದ ಪ್ರಾಣಿಯನ್ನು ನೋಡುವನು. ಹಿಂಡಿಗೆ ಬೇಕಾದುದು ಹತ್ತು ವರ್ಷದ ಫಲ.

ಆಂಡೀಸಿನ ಬಡ ಸಾಕಣೆದಾರನ ತೊಂದರೆ ಇದಕ್ಕೆ ವಿರುದ್ಧವಾದುದು. ಅವನ ಹಿಂಡು ಚಿಕ್ಕದು. ಒಳ್ಳೆಯ ಗಂಡೊಂದು ದೊರೆತರೆ ಅದನ್ನು ಬಿಡಲಾರದೆ ವರ್ಷಗಟ್ಟಲೆ ಇಟ್ಟುಕೊಳ್ಳುವನು. ಅದು ತನ್ನ ಮಗಳಿಗೇ ಗಂಡಾಗುವುದು, ಅಡಗಿದ್ದ ದೋಷಗಳು ಹೊರಬೀಳುವುವು. ಎರಡು ಮೂರು ವರ್ಷಕ್ಕೊಮ್ಮೆ ಗಂಡನ್ನು ನೆರೆಯ ಸಮುದಾಯದೊಡನೆ ವಿನಿಮಯ ಮಾಡಿಕೊಳ್ಳುವುದು, ಯಾರ ಮರಿಗೆ ಯಾರು ತಂದೆಯೆಂಬುದನ್ನು ಬರೆದಿಡುವುದು, ಆಯ್ಕೆಯಾಗದ ಗಂಡುಗಳನ್ನು ತಪ್ಪದೆ ಬೀಜ ಒಡೆಸುವುದು, ಈ ಮೂರಕ್ಕೂ ಹೆಚ್ಚು ಹಣ ಬೇಡ, ಶಿಸ್ತು ಬೇಕು. ಬೀಜ ಒಡೆದ ಗಂಡೂ ವರ್ಷ ವರ್ಷವೂ ತುಪ್ಪಟ ಕೊಡುವುದಾದ್ದರಿಂದ ಅದು ನಷ್ಟವೂ ಅಲ್ಲ. ಆದರೆ ಈ ಶಿಸ್ತಿಗೆ ಫಲ ಸಿಗಬೇಕಾದರೆ ಕೊಳ್ಳುವವನೂ ಎಳೆಯ ದರ್ಜೆಗೆ ತಕ್ಕ ಬೆಲೆಯನ್ನು ಕೊಡಬೇಕು. ಒಟ್ಟು ತೂಕಕ್ಕೆ ಒಂದೇ ದರವೆನ್ನುವ ವ್ಯಾಪಾರ ಇರುವವರೆಗೂ ಯಾವ ಉಪದೇಶವೂ ಬೆಟ್ಟವನ್ನು ಏರಲಾರದು.

ಎಳೆಯ ನಯವೊಂದನ್ನೇ ಬೆನ್ನಟ್ಟಿ ತೂಕ, ಮೈಕಟ್ಟು, ಫಲವಂತಿಕೆಗಳನ್ನು ಬಲಿಗೊಡುವುದು ಒರಟನ್ನು ಇಟ್ಟುಕೊಂಡಷ್ಟೇ ಅವಿವೇಕ. ಎಲ್ಲ ಗುಣಗಳಲ್ಲಿ ಹಿಂಡಿಗಿಂತ ಒಂದಿಷ್ಟು ಮೇಲಾಗಿ, ಯಾವುದರಲ್ಲಿಯೂ ಗಂಭೀರ ದೋಷವಿಲ್ಲದೆ, ಮಕ್ಕಳಲ್ಲಿ ತನ್ನನ್ನು ಸಾಬೀತುಪಡಿಸಿದ ಗಂಡೇ ಬೀಜಕ್ಕೆ ಅರ್ಹ. ಹುಟ್ಟಿದ ನೂರು ಗಂಡುಮರಿಗಳಲ್ಲಿ ಅಂಥವು ಐದಾರು ಸಿಕ್ಕರೆ ಹೆಚ್ಚು. ಉಳಿದ ತೊಂಬತ್ತಕ್ಕೂ ಮಿಕ್ಕವನ್ನು ಬೇಡವೆನ್ನುವ ಧೈರ್ಯವಿದ್ದವನೇ ಒಳ್ಳೆಯ ಹಿಂಡನ್ನು ಕಟ್ಟಬಲ್ಲನು.